ಕಾಡು ಟರ್ಕಿಯ ಅಪರೂಪದ ಬಣ್ಣಗಳು: ಗುರುತಿಸುವುದು ಹೇಗೆ, ಶಿಕಾರಿ ಹೇಗೆ

ಟರ್ಕಿ ಹಿಂಡಿನ ನಡುವೆ ಒಂದು ಬೆಳ್ಳನೆಯ ಹಕ್ಕಿ ಕಂಡರೆ ಎಂಥ ಹಳೇ ಶಿಕಾರಿಯವರಿಗೂ ಎದೆ ಹೊಡೆದುಕೊಳ್ಳುತ್ತದೆ. ಕೈ ತಾನಾಗಿ ಕೋವಿಯ ಕಡೆ ಹೋಗುತ್ತದೆ. ತಪ್ಪುಗಳು ಆಗುವುದೂ ಅಲ್ಲೇ. ಹೇಂಟೆಯನ್ನು ಹುಂಜ ಎಂದುಕೊಳ್ಳುವುದು, ಯಾರದೋ ಫಾರ್ಮ್‌ನಿಂದ ತಪ್ಪಿಸಿಕೊಂಡ ಸಾಕು ಟರ್ಕಿಗೆ ಈಡು ಹೊಡೆಯುವುದು, ದೂರ ಅಂದಾಜು ಮಾಡದೆ ಹೊಡೆದು ಗಾಯ ಮಾಡಿ ಬಿಡುವುದು, ಇವೆಲ್ಲ ಬಣ್ಣಕ್ಕೆ ಮರುಳಾದಾಗ ಆಗುವಂಥವು. ಹಾಗಾಗಿ ನಾನು ಮುಖ್ಯವಾಗಿ ಹೇಳುವುದು ಇಷ್ಟೇ: ಬಣ್ಣವನ್ನು ಕೊನೆಗೆ ನೋಡಿ. ತಲೆ, ಗಡ್ಡ (ಎದೆಯಿಂದ ಇಳಿಯುವ ಕೂದಲಿನಂಥ ಕುಚ್ಚು), ದೂರ, ಕಾನೂನು ಇವೆಲ್ಲ ಮೊದಲು.

ನಾನಿರುವುದು ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಆದ್ದರಿಂದ ಉದಾಹರಣೆಗಳು ಹೆಚ್ಚಾಗಿ ಇಲ್ಲಿನವು. ಊರಿನಲ್ಲಿ ಓದುತ್ತಿರುವವರಿಗೆ ಹೇಳಬೇಕಾದ್ದೇನಿಲ್ಲ, ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತೇ ಇಲ್ಲ. ಇಲ್ಲಿ ಲೆಕ್ಕ ಬೇರೆ. ಟರ್ಕಿ ಈ ಖಂಡದ್ದೇ ಹಕ್ಕಿ, ಸರ್ಕಾರ ಲೆಕ್ಕ ಇಟ್ಟು, ಪರ್ಮಿಟ್ ಕೊಟ್ಟು ಶಿಕಾರಿ ಮಾಡಿಸುತ್ತದೆ, ಆ ದುಡ್ಡಿನ ದೊಡ್ಡ ಭಾಗ ಕಾಡಿಗೇ ಹೋಗುತ್ತದೆ. ಕೋವಿ ಮತ್ತು ತೋಟಾಗಳ ಮೇಲಿನ ವಿಶೇಷ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೇ ಮೀಸಲಿಡುವ ಪಿಟ್‌ಮನ್-ರಾಬರ್ಟ್‌ಸನ್ ಕಾನೂನು ಬಂದದ್ದು 1937ರಲ್ಲಿ.

ಮೊದಲು ಮಾಮೂಲಿ ಹಕ್ಕಿಯನ್ನು ಕಲಿಯಿರಿ

ಅಪರೂಪದ್ದು ಯಾವುದು ಎಂದು ಗೊತ್ತಾಗಬೇಕಾದರೆ ಮಾಮೂಲಿ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗಿರಬೇಕು. ಮಿಸೌರಿಯಲ್ಲಿರುವುದು ಈಸ್ಟರ್ನ್ ಎಂಬ ಉಪಜಾತಿ. ದೂರದಿಂದ ಕಪ್ಪು ಅನಿಸುತ್ತದೆ, ಬಿಸಿಲು ಬಿದ್ದರೆ ಕಂಚು, ತಾಮ್ರ, ಹಸಿರು ಎಲ್ಲಾ ಹೊಳೆಯುತ್ತದೆ. ಬಾಲದ ಗರಿಗಳ ತುದಿ ಕಡು ಕಂದು. ರೆಕ್ಕೆಯ ದೊಡ್ಡ ಗರಿಗಳಲ್ಲಿ ಕಪ್ಪು-ಬಿಳಿ ಅಡ್ಡಪಟ್ಟೆ. ಹುಂಜದ ಎದೆಗರಿಗಳ ತುದಿ ಕಪ್ಪು, ಹೇಂಟೆಯದು ತಿಳಿ ಕಂದು. ಅದಕ್ಕೇ ಹೇಂಟೆ ಒಟ್ಟಾರೆ ಸ್ವಲ್ಪ ಮಾಸಲು ಕಾಣುತ್ತದೆ.

ಬೇರೆ ರಾಜ್ಯಕ್ಕೆ ಹೋದರೆ ಮಾಮೂಲಿಯೇ ಬದಲಾಗುತ್ತದೆ. ಪಶ್ಚಿಮದ ಬೆಟ್ಟಗಳ ಮೆರಿಯಮ್ಸ್ ಟರ್ಕಿಯ ಬಾಲದ ತುದಿ, ಸೊಂಟದ ಗರಿಗಳು ಬೆಳ್ಳಗೆ ಇರುತ್ತವೆ. ಟೆಕ್ಸಾಸ್ ಕಡೆಯ ರಿಯೊ ಗ್ರಾಂಡೆಯದು ತಿಳಿ ಕಂದು. ಫ್ಲಾರಿಡಾದ ಓಸಿಯೋಲಾದ ರೆಕ್ಕೆಯಲ್ಲಿ ಬಿಳಿ ಪಟ್ಟೆ ಕಡಿಮೆ, ಕಪ್ಪು ಜಾಸ್ತಿ. ಮೆಕ್ಸಿಕೊ ಗಡಿಯ ಗೂಲ್ಡ್ಸ್‌ನ ಬಾಲದ ತುದಿ ಅಚ್ಚ ಬಿಳಿ. ಮಿಸೌರಿಯಲ್ಲಿ ಅಭ್ಯಾಸ ಮಾಡಿಕೊಂಡವರು ಸೌತ್ ಡಕೋಟದ ಬ್ಲ್ಯಾಕ್ ಹಿಲ್ಸ್‌ಗೆ ಹೋಗಿ ಮೊದಲ ಮೆರಿಯಮ್ಸ್ ಹುಂಜ ಬಾಲ ಬಿಚ್ಚಿದ್ದನ್ನು ನೋಡಿ "ಅಯ್ಯೋ ಬಿಳಿ ಟರ್ಕಿ" ಎನ್ನುವುದುಂಟು. ಅದು ಅಲ್ಲಿನ ಮಾಮೂಲಿ ಹಕ್ಕಿ ಅಷ್ಟೇ.

ಬಣ್ಣಗಳನ್ನು ಬೇರೆ ಬೇರೆ ಮಾಡಿ ನೋಡುವುದು

ಸ್ಮೋಕ್ ಫೇಸ್. ಅಪರೂಪದವುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕನ್ನಡದಲ್ಲಿ ಬೂದಿ ಬಣ್ಣ ಎನ್ನಬಹುದು. ಜನ ಇದನ್ನು ನೋಡಿ "ಆಲ್ಬಿನೊ ಕಂಡೆ" ಎಂದು ಫೋಟೊ ಹಾಕುತ್ತಾರೆ. ಆಲ್ಬಿನೊ ಅಲ್ಲ. ದೂರದಿಂದ ಬಿಳಿ, ಹತ್ತಿರದಿಂದ ನೋಡಿದರೆ ಒಂದೊಂದು ಗರಿಯ ಅಂಚಿನಲ್ಲೂ ಕಪ್ಪೋ ಕಂದೋ ತೆಳುಗೆರೆ ಇರುತ್ತದೆ. ಒಮ್ಮೆ ಹುಲ್ಲುಗಾವಲಿನ ಬೇಲಿಯ ಪಕ್ಕ ಅಲುಗಾಡದೆ ಕೂತಿದ್ದಾಗ ಇಂಥ ಹೇಂಟೆಯೊಂದು ತೀರಾ ಹತ್ತಿರ ಮೇಯುತ್ತಾ ಬಂತು. ಬೆನ್ನು ಹಾಲುಬಿಳಿ ಅಲ್ಲ, ಮಾಸಿದ ಬಿಳಿ. ಗರಿಗಳು ಒಂದರ ಮೇಲೊಂದು ಕೂತ ಜಾಗದಲ್ಲಿ ಕಪ್ಪು ಅಂಚುಗಳು ಸೇರಿ ಮೀನಿನ ಹುರುಪೆಯ ಹಾಗೆ ಕಾಣುತ್ತಿದ್ದವು. ರೆಕ್ಕೆಯ ಅಡ್ಡಪಟ್ಟೆಗಳು ಮಾಯವಾಗಿರಲಿಲ್ಲ, ನೀರು ಬೆರೆಸಿದ ಬೂದಿ ಬಣ್ಣದಲ್ಲಿ ಉಳಿದಿದ್ದವು. ಬಾಲದ ತುದಿಗೆ ಹತ್ತಿರ ಒಂದು ಕಪ್ಪು ಪಟ್ಟಿ ಸ್ಪಷ್ಟವಾಗಿತ್ತು. ಕಣ್ಣು ಕಪ್ಪು. ಇದು ನೆನಪಿಡಿ, ಕಣ್ಣು ಕಪ್ಪಾಗಿದ್ದರೆ ಅದು ಆಲ್ಬಿನೊ ಅಲ್ಲ.

ಈ ಬಣ್ಣ ಬರುವುದು ಅಡಗಿರುವ ಜೀನ್‌ನಿಂದ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಅಂದರೆ ನೋಡಲು ಮಾಮೂಲಿಯಾಗಿರುವ ಹುಂಜ, ಮಾಮೂಲಿಯಾಗಿರುವ ಹೇಂಟೆ ಕೂಡಿ ಬೂದಿ ಮರಿ ಹುಟ್ಟಬಹುದು. ಇದು ಹೆಚ್ಚಾಗಿ ಹೇಂಟೆಗಳಲ್ಲೇ ಕಣ್ಣಿಗೆ ಬೀಳುತ್ತದೆ. ಶಿಕಾರಿಯವರಿಗೆ ಈ ಒಂದು ಸಂಗತಿ ತುಂಬಾ ಮುಖ್ಯ, ಮುಂದೆ ಮತ್ತೆ ಬರುತ್ತೇನೆ.

ಆಲ್ಬಿನೊ. ಮೈಯಲ್ಲಿ ಬಣ್ಣವೇ ತಯಾರಾಗದ ಹಕ್ಕಿ. ಗರಿ ಪೂರ್ತಿ ಬಿಳಿ, ಕಣ್ಣು ಗುಲಾಬಿ, ಕಾಲು ಪೇಲವ. ದೃಷ್ಟಿಯೂ ಮಂದ. ಹಸಿರು ಕಾಡಿನಲ್ಲಿ ಬಿಳಿ ಮೈ ಹೊತ್ತುಕೊಂಡು, ಸರಿಯಾಗಿ ಕಣ್ಣು ಕಾಣದೆ, ಬಾಬ್‌ಕ್ಯಾಟ್, ಕಯೋಟಿ, ದೊಡ್ಡ ಗೂಬೆಗಳ ನಡುವೆ ಬದುಕಿ ದೊಡ್ಡದಾಗುವುದು ಸುಲಭವಲ್ಲ. ಅದಕ್ಕೇ ಬೆಳೆದ ಆಲ್ಬಿನೊ ಕಾಡಿನಲ್ಲಿ ಸಿಗುವುದು ತೀರಾ ಅಪರೂಪ.

ಲ್ಯೂಸಿಸ್ಟಿಕ್. ಪೂರ್ತಿ ಬಿಳಿ ಇರಬಹುದು, ಅಲ್ಲಲ್ಲಿ ಮಚ್ಚೆಯಂತೆ ಬಿಳಿ ಇರಬಹುದು, ಆದರೆ ಕಣ್ಣಿಗೆ ಬಣ್ಣ ಇರುತ್ತದೆ. ನಮ್ಮ ಮೃಗಾಲಯಗಳಲ್ಲಿ ಬಿಳಿ ನವಿಲು ನೋಡಿರುತ್ತೀರಲ್ಲ, ಅದೂ ಆಲ್ಬಿನೊ ಅಲ್ಲ, ಈ ಗುಂಪಿನದು. ಅದರ ಕಣ್ಣು ನೋಡಿದರೆ ಗೊತ್ತಾಗುತ್ತದೆ.

ಕಪ್ಪು, ಅಂದರೆ ಮೆಲನಿಸ್ಟಿಕ್. ಕಪ್ಪು ಬಣ್ಣ ಜಾಸ್ತಿಯಾದ ಹಕ್ಕಿ. ಕಬಿನಿಯ ಕರಿ ಚಿರತೆಯಲ್ಲಿ ಇರುವುದೂ ಮೆಲನಿಸಂ. ಟರ್ಕಿಯಲ್ಲಿ ಇದನ್ನು ಗುರುತಿಸುವುದು ಕಷ್ಟ, ಯಾಕೆಂದರೆ ಮಾಮೂಲಿ ಹುಂಜವೇ ನೆರಳಿನಲ್ಲಿ ಕಪ್ಪು. ಬಾಲದ ತುದಿ ನೋಡಿ. ಕಂದು ಅಂಚು ಇಲ್ಲದೆ ಬುಡದಿಂದ ತುದಿಯವರೆಗೆ ಕಪ್ಪೇ ಇದ್ದು, ರೆಕ್ಕೆಯಲ್ಲಿ ಬಿಳಿ ಪಟ್ಟೆಯೂ ಇಲ್ಲದಿದ್ದರೆ ಆಗ ಅನುಮಾನಪಡಬಹುದು.

ಕೆಂಪು, ಅಂದರೆ ಎರಿತ್ರಿಸ್ಟಿಕ್. ಇಟ್ಟಿಗೆ ಬಣ್ಣ ಅಥವಾ ಕೆಂಗಂದು ಮೈ. ಬಹಳ ಅಪರೂಪ. ಬೆಳಗಿನ ಓರೆ ಬಿಸಿಲಿನಲ್ಲಿ ಮಾಮೂಲಿ ಹಕ್ಕಿಯೂ ತಾಮ್ರದಂತೆ ಹೊಳೆಯುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ನೆರಳಿಗೆ ಬಂದ ಮೇಲೂ ಕೆಂಪೇ ಇದೆಯಾ ಎಂದು ಕಾದು ನೋಡಿ.

ಯಾರದೋ ಸಾಕು ಟರ್ಕಿ ಅಲ್ಲ ತಾನೆ?

ಈ ಪ್ರಶ್ನೆ ಕೇಳಿಕೊಳ್ಳದೆ ಮುಂದೆ ಹೋಗಲೇಬಾರದು. ಹಳ್ಳಿಗಾಡಿನಲ್ಲಿ ಟರ್ಕಿ ಸಾಕುವವರು ಬಹಳ ಜನ. ಬೇಲಿ ಹಾರಿ ಬಂದ ಸಾಕು ಹಕ್ಕಿ ಕಾಡು ಹಿಂಡಿನ ಜೊತೆ ಸೇರಿಕೊಂಡು ಮೇಯುವುದೂ ಉಂಟು. ಅಂಗಡಿಯಲ್ಲಿ ಸಿಗುವ ಬ್ರಾಡ್ ಬ್ರೆಸ್ಟೆಡ್ ವೈಟ್ ಪೂರ್ತಿ ಬಿಳಿ. ರಾಯಲ್ ಪಾಮ್ ಎಂಬ ತಳಿ ಬಿಳಿ ಮೈಗೆ ಕಪ್ಪು ಅಂಚು, ದೂರದಿಂದ ಸ್ಮೋಕ್ ಫೇಸ್ ತರಹವೇ. ಬೋರ್ಬನ್ ರೆಡ್ ಕೆಂಪು ಮೈಗೆ ಬಿಳಿ ರೆಕ್ಕೆ, ಬಿಳಿ ಬಾಲ. ಕಪ್ಪು ತಳಿಗಳೂ ಇವೆ. ಅಂದರೆ ಮೇಲೆ ಹೇಳಿದ ಒಂದೊಂದು ಬಣ್ಣಕ್ಕೂ ಸಾಕು ತಳಿಯಲ್ಲಿ ಒಂದು ಜೋಡಿ ಇದೆ.

ಬಣ್ಣದಿಂದ ಇದು ತೀರ್ಮಾನವಾಗುವುದಿಲ್ಲ. ನಡವಳಿಕೆ, ಮೈಕಟ್ಟು ನೋಡಿ. ಕಾಡು ಹಕ್ಕಿಗೆ ಉದ್ದ ಕಾಲು, ಸಪೂರ ಕತ್ತು, ತೆಳ್ಳಗಿನ ಮೈ. ಒಂದು ಕಡ್ಡಿ ಮುರಿದರೂ ಕತ್ತು ನೆಟ್ಟಗಾಗುತ್ತದೆ. ಸಾಕು ಹಕ್ಕಿ ದಪ್ಪ ಎದೆ ಹೊತ್ತು ವಾಲಾಡುತ್ತಾ ನಡೆಯುತ್ತದೆ, ಗಾಡಿ ನಿಲ್ಲಿಸಿದರೂ ಓಡುವುದಿಲ್ಲ, ಕೆಲವೊಮ್ಮೆ ನಮ್ಮ ಕಡೆಗೇ ಬರುತ್ತದೆ. ಕಾಲಿನಲ್ಲಿ ಬಳೆ ಇದ್ದರೆ ಮುಗಿಯಿತು, ಕೋವಿ ಎತ್ತಲೇಬೇಡಿ. ಅನುಮಾನವಿದ್ದರೆ ಅಕ್ಕಪಕ್ಕದ ಒಂದೆರಡು ಮನೆಗಳಲ್ಲಿ ವಿಚಾರಿಸಿ. ಟರ್ಕಿ ಸಾಕುವವರು ಯಾರೆಂದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಹಾಗಂತ ಬೂದಿ ಬಣ್ಣ ಕಂಡ ತಕ್ಷಣ "ಸಾಕು ರಕ್ತ ಬೆರೆತಿದೆ" ಎನ್ನುವುದೂ ತಪ್ಪು. ಪೂರ್ತಿ ಕಾಡು ಹಕ್ಕಿಗಳಲ್ಲೂ ಈ ಬಣ್ಣ ಬರುತ್ತದೆ. ಫಾರ್ಮ್ ಹಕ್ಕಿಗಳಿಗೆ ಕಾಡಿನಲ್ಲಿ ಬದುಕುವ ಬುದ್ಧಿ ಇರುವುದಿಲ್ಲ. ಮಿಸೌರಿಯಲ್ಲಿ ಟರ್ಕಿ ಹೆಚ್ಚೂಕಡಿಮೆ ಅಳಿದೇ ಹೋಗಿದ್ದ ಕಾಲದಲ್ಲಿ ಸಾಕಿದ ಸಾವಿರಾರು ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಉಳಿಯಲಿಲ್ಲ. 1954ರಿಂದ ಉಳಿದಿದ್ದ ಅಲ್ಪಸ್ವಲ್ಪ ಕಾಡು ಹಕ್ಕಿಗಳನ್ನೇ ಬಲೆ ಹಾಕಿ ಹಿಡಿದು ಬೇರೆ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ಬಿಡಲು ಶುರು ಮಾಡಿದ ಮೇಲೆ ಸಂಖ್ಯೆ ಏರಿತು. 1960ರಲ್ಲಿ ಮತ್ತೆ ಶಿಕಾರಿಗೆ ತೆರೆದಾಗ ಸೀಸನ್ ಇದ್ದದ್ದು ಮೂರೇ ದಿನ, 14 ಕೌಂಟಿಗಳಲ್ಲಿ, ಸಿಕ್ಕಿದ್ದು 94 ಹಕ್ಕಿ. 2004ರಲ್ಲಿ ವಸಂತದ ಸೀಸನ್ ಒಂದರಲ್ಲೇ 60 ಸಾವಿರ ದಾಟಿತ್ತು. ಈಗ ಅಷ್ಟಿಲ್ಲ, ಮರಿಗಳು ಉಳಿಯುವುದು ಕಡಿಮೆಯಾಗಿದೆ. ಹೇಂಟೆಗಳನ್ನು ಬಿಡಿ ಎಂದು ಮುಂದೆ ನಾನು ಗಟ್ಟಿಯಾಗಿ ಹೇಳಲು ಇದೂ ಒಂದು ಕಾರಣ.

ಕಾಗದ ಪತ್ರ

ಇಲ್ಲಿರುವ ಕನ್ನಡದವರಲ್ಲಿ ಹಲವರು ಎಚ್-1ಬಿ ವೀಸಾದವರು, ಆದ್ದರಿಂದ ಇದನ್ನು ಮೊದಲು ಹೇಳುತ್ತೇನೆ. ಗ್ರೀನ್ ಕಾರ್ಡ್ ಇಲ್ಲದೆ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಅಥವಾ ತೋಟಾ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕೆ ಒಂದು ವಿನಾಯಿತಿ ಇದೆ: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದರೆ ಆ ನಿಷೇಧ ಅನ್ವಯಿಸುವುದಿಲ್ಲ. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಸ್ನೇಹಿತರ ಕೋವಿ ಹಿಡಿದು ಸುಮ್ನೆ ಒಂದು ಈಡು ಹೊಡೆದು ನೋಡೋಣ ಎನ್ನುವ ಮುಂಚೆ ಇದನ್ನು ಯೋಚಿಸಿ. ವೀಸಾ ವಿಷಯ, ರಾಜ್ಯದ ನಿಯಮಗಳೂ ಬೇರೆ ಇರುತ್ತವೆ, ಒಮ್ಮೆ ವಕೀಲರನ್ನು ಕೇಳಿಕೊಂಡೇ ಮುಂದೆ ಹೋಗಿ. ಬಿಲ್ಲು ಬಾಣದಲ್ಲಿ ಟರ್ಕಿ ಶಿಕಾರಿ ಮಾಡುವವರೂ ಇದ್ದಾರೆ, ಅದಕ್ಕೆ ಕೋವಿಯ ಈ ಕಾನೂನು ಬರುವುದಿಲ್ಲ.

ಆಮೇಲೆ ಹಂಟರ್ ಎಜುಕೇಶನ್ ಕೋರ್ಸ್. ಮಿಸೌರಿಯಲ್ಲಿ 1967ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆ ಬೇಕೇಬೇಕು. ಅದಾದ ಮೇಲೆ ಟರ್ಕಿ ಪರ್ಮಿಟ್. ವಸಂತದ ಪರ್ಮಿಟ್‌ನಲ್ಲಿ ಹೊಡೆಯಬಹುದಾದ್ದು ಹುಂಜ, ಅಥವಾ ಗಡ್ಡ ಕಣ್ಣಿಗೆ ಕಾಣುವ ಹಕ್ಕಿ. ಒಂದೇ ದಿನ ಎರಡು ಹೊಡೆಯುವಂತಿಲ್ಲ. ಶಾಟ್‌ಗನ್‌ಗೆ 4ನೇ ನಂಬರ್ ಅಥವಾ ಅದಕ್ಕಿಂತ ಸಣ್ಣ ಗುಂಡು ಮಾತ್ರ (ನಂಬರ್ ಹೆಚ್ಚಾದಷ್ಟೂ ಗುಂಡು ಸಣ್ಣದು), ರೈಫಲ್ ಇಲ್ಲ. ಕಾಳು ಚೆಲ್ಲಿ ಕರೆಯುವಂತಿಲ್ಲ, ಎಲೆಕ್ಟ್ರಾನಿಕ್ ಕಾಲ್ (ಯಂತ್ರದಲ್ಲಿ ಹಾಕುವ ಹಕ್ಕಿಯ ಕೂಗು) ಹಾಕುವಂತಿಲ್ಲ. ಸಮಯ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ. ಸಂಜೆಯ ಮಿತಿ ಜಾಗಕ್ಕೆ ತಕ್ಕಂತೆ ಬದಲಾಗುವುದರಿಂದ ಆ ವರ್ಷದ ನಿಯಮ ಪುಸ್ತಕವನ್ನು ನೋಡಿಯೇ ಹೊರಡಿ.

ಬಣ್ಣಕ್ಕೆ ಬೇರೆ ಕಾನೂನಿದೆಯೇ ಎಂದು ಕೇಳುತ್ತಾರೆ. ಅಯೋವಾ, ಟೆನೆಸಿಯಂಥ ರಾಜ್ಯಗಳಲ್ಲಿ ಬಿಳಿ ಜಿಂಕೆಗಳಿಗೆ ರಕ್ಷಣೆ ಇದೆ. ಟರ್ಕಿಗೆ ಸಾಮಾನ್ಯವಾಗಿ ಬಣ್ಣದ ಲೆಕ್ಕವಿಲ್ಲ, ಹುಂಜವೋ ಗಡ್ಡವಿದೆಯೋ ಎಂಬುದೇ ಲೆಕ್ಕ. ಆದರೂ ನೀವು ಹೋಗುವ ರಾಜ್ಯದ ಪುಸ್ತಕದಲ್ಲಿ ಒಮ್ಮೆ ಹುಡುಕಿ ನೋಡಿ, ಐದು ನಿಮಿಷದ ಕೆಲಸ.

ಎಲ್ಲಿ ಹುಡುಕುವುದು

ಅಪರೂಪದ ಬಣ್ಣವನ್ನೇ ಹುಡುಕಿಕೊಂಡು ಹೊರಡುವುದು ಜಾಣತನವಲ್ಲ. ಆದರೆ ಒಂದು ಕಡೆ ಬೂದಿ ಹಕ್ಕಿ ಕಂಡಿದ್ದರೆ ಅಲ್ಲೇ ಮತ್ತೆ ಕಾಣುವ ಸಾಧ್ಯತೆ ಬೇರೆ ಕಡೆಗಿಂತ ಜಾಸ್ತಿ. ಜೀನ್ ಹೊತ್ತ ಹಕ್ಕಿಗಳು ಅದೇ ಕಣಿವೆಯಲ್ಲಿ ಇರುತ್ತವಲ್ಲ, ಅಕ್ಕತಂಗಿ ಹೇಂಟೆಗಳು, ಅವುಗಳ ಮರಿಗಳು, ಎಲ್ಲಾ ಅಲ್ಲೇ ಸುತ್ತಮುತ್ತ. ಆದ್ದರಿಂದ ಶಾಲಾ ಬಸ್ ಓಡಿಸುವವರು, ಅಂಚೆಯವರು, ಹಾಲಿನ ಫಾರ್ಮ್‌ನವರು ಇಂಥವರ ಹತ್ತಿರ ಮಾತಾಡಿ. ಪ್ರತಿದಿನ ಒಂದೇ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬಿಳಿ ಹಕ್ಕಿ ತಪ್ಪುವುದಿಲ್ಲ.

ಸೀಸನ್‌ಗೆ ಒಂದೆರಡು ವಾರ ಮುಂಚೆ ಬೆಳಗಿನ ಜಾವ ಕೋವಿ ಇಲ್ಲದೆ ಹೋಗಿ. ಟರ್ಕಿ ರಾತ್ರಿ ಮರದ ಮೇಲೆ ಕೂರುತ್ತದೆ, ಬೆಳಕು ಹರಿಯುವಾಗ ಕೂಗುತ್ತದೆ, ಆಮೇಲೆ ಕೆಳಗಿಳಿಯುತ್ತದೆ. ಎಲ್ಲಿ ಕೂಗಿತು, ಯಾವ ಕಡೆ ಇಳಿಯಿತು, ಯಾವ ಹುಲ್ಲುಗಾವಲಿಗೆ ಹೋಯಿತು ಎಂದು ಗುರುತು ಹಾಕಿಕೊಳ್ಳಿ. ನೆಲದ ಮೇಲೆ ಹಿಕ್ಕೆ ನೋಡಿ. ಹುಂಜದ್ದು ಉದ್ದವಾಗಿ ತುದಿಯಲ್ಲಿ ಬಾಗಿ ಕೊಕ್ಕೆಯಂತೆ, ಹೇಂಟೆಯದ್ದು ಸುರುಳಿ. ಉದುರಿದ ಗರಿಗಳನ್ನೂ ನೋಡಿ, ಬೂದಿ ಹಕ್ಕಿ ಓಡಾಡುವ ಜಾಗದಲ್ಲಿ ಮಾಸಲು ಬಿಳಿ ಗರಿಗೆ ಕಪ್ಪು ತುದಿ ಇರುವುದು ಸಿಕ್ಕರೆ ಅದಕ್ಕಿಂತ ಒಳ್ಳೆ ಸುಳಿವಿಲ್ಲ.

ಜಾಗ ಯಾರದ್ದು ಎಂದು ಖಚಿತ ಮಾಡಿಕೊಳ್ಳಿ. ಮಾರ್ಕ್ ಟ್ವೇನ್ ನ್ಯಾಷನಲ್ ಫಾರೆಸ್ಟ್ ಸಾರ್ವಜನಿಕರಿಗೆ ತೆರೆದಿದೆ, ಸುಮಾರು 15 ಲಕ್ಷ ಎಕರೆ. ಆದರೆ ನಡುನಡುವೆ ಖಾಸಗಿ ಜಮೀನು ಸೇರಿಕೊಂಡಿದೆ. ಮಿಸೌರಿಯಲ್ಲಿ ಮರಕ್ಕೋ ಕಂಬಕ್ಕೋ ನೇರಳೆ ಬಣ್ಣ ಬಳಿದಿದ್ದರೆ ಒಳಗೆ ಬರಬೇಡಿ ಎಂದರ್ಥ. ಬೋರ್ಡ್ ಇಲ್ಲದಿದ್ದರೂ ಕಾನೂನಿನಲ್ಲಿ ಅದಕ್ಕೆ ಬೋರ್ಡಿನಷ್ಟೇ ಬೆಲೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ.

ಹುಂಜವೋ ಹೇಂಟೆಯೋ

ಲೇಖನದ ಮುಖ್ಯ ಭಾಗ ಇದು. ಮಾಮೂಲಿ ಹಕ್ಕಿಯಾದರೆ ಮೈಬಣ್ಣದಿಂದಲೇ ಅರ್ಧ ಗೊತ್ತಾಗುತ್ತದೆ, ಕಪ್ಪಾಗಿದ್ದರೆ ಹುಂಜ, ಮಾಸಲಾಗಿದ್ದರೆ ಹೇಂಟೆ. ಬೂದಿ ಹಕ್ಕಿಯಲ್ಲಿ ಆ ಸುಳಿವು ಪೂರ್ತಿ ಹೋಯಿತು. ಇಷ್ಟು ದಿನ ಕಣ್ಣು ನಂಬಿದ್ದ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕೇ ಈ ಕ್ರಮದಲ್ಲಿ ನೋಡಿ.

ಮೊದಲು ತಲೆ. ಬಣ್ಣ ಬದಲಾದ ಹಕ್ಕಿಯಲ್ಲೂ ಹುಂಜದ ತಲೆ ಹುಂಜದ ತಲೆಯೇ. ಗರಿ ಇಲ್ಲದ ಬೋಳು ಚರ್ಮ, ಕೆಂಪು, ಬಿಳಿ, ನೀಲಿ ಮೂರೂ ಬಣ್ಣ. ಕತ್ತಿನ ಬುಡದಲ್ಲಿ ದಪ್ಪ ಕೆಂಪು ಗಂಟುಗಳು. ಕೊಕ್ಕಿನ ಮೇಲಿಂದ ಜೋತುಬೀಳುವ ಮಾಂಸದ ಎಳೆ, ಗಾಬರಿಯಾದಾಗ ಅದು ಗಿಡ್ಡವಾಗಿ ನಿಲ್ಲುತ್ತದೆ, ಮೆರೆಯುವಾಗ ಉದ್ದವಾಗಿ ಜೋಲುತ್ತದೆ. ಹೇಂಟೆಯ ತಲೆ ಸಣ್ಣದು, ಬೂದು ಮಿಶ್ರಿತ ನೀಲಿ, ಹಿಂದುಗಡೆ ಕತ್ತಿನುದ್ದಕ್ಕೂ ಸಣ್ಣ ಗರಿಗಳು. ಬೈನಾಕ್ಯುಲರ್ ಇಲ್ಲದೆ ಇದನ್ನು ನೋಡುವುದು ಆಗದ ಮಾತು. ಕೋವಿಯ ಮೇಲಿನ ಸ್ಕೋಪ್‌ನಿಂದ ಹಕ್ಕಿ ಗುರುತಿಸಲು ಹೋಗಬೇಡಿ, ಗೊತ್ತಿಲ್ಲದ ವಸ್ತುವಿನ ಕಡೆ ಕೋವಿಯ ಬಾಯಿ ತಿರುಗಿಸಿದಂತೆ ಆಗುತ್ತದೆ.

ಆಮೇಲೆ ಗಡ್ಡ. ಎದೆಯಿಂದ ಹೊರಡುವ ಒರಟು ಕೂದಲಿನಂಥ ಕುಚ್ಚು. ಎಳೆಯ ಹುಂಜದಲ್ಲಿ ಕೆಲವೇ ಇಂಚು, ಬೆಳೆದದ್ದರಲ್ಲಿ ಎಂಟು ಹತ್ತು ಇಂಚು. ಬೂದಿ ಮೈಯ ಮೇಲೆ ಕಪ್ಪು ಗಡ್ಡ ಎದ್ದು ಕಾಣುತ್ತದೆ, ಅದು ಅನುಕೂಲ. ಆಲ್ಬಿನೊ ಆದರೆ ಗಡ್ಡವೂ ಪೇಲವ. ಗಡ್ಡ ಇದೆ ಎಂದ ಮಾತ್ರಕ್ಕೆ ಹುಂಜ ಅಲ್ಲ, ಇದನ್ನು ಮರೆಯಬೇಡಿ. ಹೇಂಟೆಗಳಲ್ಲೂ ಒಂದು ಪಾಲಿಗೆ ಗಡ್ಡ ಬರುತ್ತದೆ, ಸಾಮಾನ್ಯವಾಗಿ ತೆಳ್ಳಗೆ.

ಗಡ್ಡವಿರುವ ಹೇಂಟೆಯನ್ನು ಹೊಡೆಯಲು ಮಿಸೌರಿ, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ವಸಂತದಲ್ಲೂ ಕಾನೂನು ಅಡ್ಡಿಯಿಲ್ಲ. ಆದರೂ ಬಿಡಿ. ನನ್ನ ಅಭಿಪ್ರಾಯ ಇದರಲ್ಲಿ ಸ್ಪಷ್ಟವಾಗಿದೆ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಹೇಂಟೆ ಮೊಟ್ಟೆ ಇಡುತ್ತಿರುತ್ತದೆ ಅಥವಾ ಕಾವು ಕೂತಿರುತ್ತದೆ. ಬೂದಿ ಹೇಂಟೆಯನ್ನು ಹೊಡೆದರೆ ಆ ಗೂಡು ಹೋಯಿತು, ಆ ಕಣಿವೆಯಲ್ಲಿ ಆ ಬಣ್ಣ ಮುಂದೆ ಬರುವ ದಾರಿಯೂ ಕಿರಿದಾಯಿತು. ಇಂಥ ಮೈ ಹೊತ್ತುಕೊಂಡು ಎಲ್ಲಾ ಶತ್ರುಗಳ ಕಣ್ಣು ತಪ್ಪಿಸಿ ದೊಡ್ಡದಾದ ಹಕ್ಕಿ ಅದು. ಹುಂಜವಾದರೆ ಹೊಡೆಯಿರಿ, ಸಂತೋಷ. ಹೇಂಟೆಯಾದರೆ ಫೋಟೊ ತೆಗೆಯಿರಿ. ಬೈನಾಕ್ಯುಲರ್‌ನ ಒಂದು ಕಣ್ಣಿಗೆ ಫೋನಿನ ಕ್ಯಾಮೆರಾ ಹಿಡಿದರೆ ಚೆನ್ನಾಗಿಯೇ ಬರುತ್ತದೆ.

ಮೂರನೆಯದು ಬಾಲ. ಹಕ್ಕಿ ಬಾಲ ಬಿಚ್ಚಿದರೆ ಬೀಸಣಿಗೆಯ ಅಂಚು ನೋಡಿ. ಒಂದೇ ಸಮ ದುಂಡಗಿದ್ದರೆ ಬೆಳೆದ ಹುಂಜ. ನಡುವಿನ ನಾಲ್ಕೈದು ಗರಿ ಉದ್ದವಾಗಿ ಮೇಲೆ ಬಂದಿದ್ದರೆ ಒಂದು ವರ್ಷದ ಎಳೆಯ ಹುಂಜ, ಇಲ್ಲಿನವರು ಜೇಕ್ ಎನ್ನುತ್ತಾರೆ. ಈ ಲಕ್ಷಣಕ್ಕೆ ಬಣ್ಣದ ಹಂಗಿಲ್ಲ. ಕಾಲಿನ ಹಿಂದಿನ ಮುಳ್ಳು ಹುಲ್ಲಿನಲ್ಲಿ ಕಾಣುವುದು ಕಷ್ಟ, ಕಂಡರೆ ಅದೂ ಸಾಕ್ಷಿ. ಬೆಳೆದ ಹುಂಜದಲ್ಲಿ ಅದು ಒಂದು ಇಂಚಿನ ಆಸುಪಾಸು ಇರುತ್ತದೆ.

ಕೂರುವುದು, ಕರೆಯುವುದು, ಈಡು

ಟರ್ಕಿ ಶಿಕಾರಿಯಲ್ಲಿ ಮನುಷ್ಯರಿಗೆ ಏಟು ಬೀಳುವುದು ಹೆಚ್ಚಾಗಿ ಒಬ್ಬರು ಇನ್ನೊಬ್ಬರನ್ನು ಟರ್ಕಿ ಎಂದುಕೊಂಡಾಗ. ಆದ್ದರಿಂದ ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಒಳ ಅಂಗಿಯ ಕಾಲರ್ ಕೂಡ. ಬಿಳಿ ಹಕ್ಕಿ ಇದೆ ಎಂದು ಸುದ್ದಿಯಾದ ಜಾಗದಲ್ಲಂತೂ ಬಿಳಿ ಕರವಸ್ತ್ರ ಜೇಬಿನಿಂದ ಹೊರಗೆ ತೆಗೆಯಬೇಡಿ. ಎಲ್ಲರೂ ಬಿಳಿಯನ್ನೇ ಹುಡುಕುತ್ತಿರುತ್ತಾರೆ. ನಿಮ್ಮ ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಕೂಗು ಕೇಳಿದ ಕಡೆ ತೆವಳಿಕೊಂಡು ಹೋಗಬೇಡಿ, ಅದು ಇನ್ನೊಬ್ಬ ಶಿಕಾರಿಯವರು ಊದುತ್ತಿರುವುದು ಇರಬಹುದು. ಯಾರಾದರೂ ಬಂದರೆ ಕೈ ಬೀಸಬೇಡಿ, ಅಲುಗಾಡದೆ ಗಟ್ಟಿಯಾಗಿ ಮಾತಾಡಿ. ಓಡಾಡುವಾಗ, ಮುಖ್ಯವಾಗಿ ಹೊಡೆದ ಹಕ್ಕಿಯನ್ನೋ ಡಿಕಾಯ್ (ಟರ್ಕಿಯನ್ನು ಸೆಳೆಯಲು ಇಡುವ ಗೊಂಬೆ) ಅನ್ನೋ ಹೊತ್ತು ಬರುವಾಗ, ಕಿತ್ತಳೆ ಬಣ್ಣದ ಬಟ್ಟೆ ಸುತ್ತಿ. ಟರ್ಕಿಯ ಬಾಲವನ್ನು ಮುಂದೆ ಹಿಡಿದುಕೊಂಡು ತೆವಳುವ ಪದ್ಧತಿ ಈಗ ಕೆಲವರಲ್ಲಿ ಇದೆ, ಕೆಲವು ರಾಜ್ಯಗಳು ಸಾರ್ವಜನಿಕ ಜಾಗದಲ್ಲಿ ಅದನ್ನು ನಿಷೇಧಿಸಿವೆ. ಕಾನೂನು ಬಿಟ್ಟರೂ ಅದನ್ನು ಮಾಡಬೇಡಿ.

ಕರೆಯುವುದಕ್ಕೆ ಹೊಸಬರು ಬಾಕ್ಸ್ ಕಾಲ್ ಅಥವಾ ಸ್ಲೇಟ್ ಕಾಲ್ ತಗೊಳ್ಳಿ, ಎರಡೂ ಕೈಯಲ್ಲಿ ಉಜ್ಜಿ ಟರ್ಕಿಯ ಸದ್ದು ಬರಿಸುವ ಸಾಧನಗಳು. ಬಾಯೊಳಗೆ ಇಟ್ಟುಕೊಳ್ಳುವುದು ಕಲಿಯಲು ತಿಂಗಳುಗಟ್ಟಲೆ ಬೇಕು, ಆದರೆ ಕೈ ಅಲುಗಾಡುವುದಿಲ್ಲವಾದ್ದರಿಂದ ಕೊನೆಗೆ ಅದೇ ಒಳ್ಳೆಯದು. ನಸುಕಿನಲ್ಲಿ ಗೂಬೆಯ ಕೂಗು ಊದಿದರೆ ಮರದ ಮೇಲಿರುವ ಹುಂಜ ತಡೆಯಲಾರದೆ ಉತ್ತರ ಕೊಡುತ್ತದೆ. ಆಮೇಲೆ ಮೆಲ್ಲಗೆ ಹೇಂಟೆಯ ಯೆಲ್ಪ್ (ಸಾಲಾಗಿ ಬರುವ ಕರೆ), ಒಂದೆರಡು ಕ್ಲಕ್ (ಬಿಡಿಬಿಡಿ ಚಿಕ್ಕ ಸದ್ದು), ಅಷ್ಟೇ. ಹುಂಜ ಬರುತ್ತಿದೆ ಎಂದು ಗೊತ್ತಾದ ಮೇಲೆ ಸುಮ್ಮನಾಗಿ. ಚುರುಕಾಗಿ, ಒಂಟಿಯಾಗಿ "ಪಟ್" ಎಂದು ಸದ್ದು ಬಂದರೆ ಅದು ನಿಮ್ಮನ್ನು ನೋಡಿತು ಎಂದರ್ಥ. ಟರ್ಕಿಯ ಕಣ್ಣು ಅಷ್ಟು ಚುರುಕು, ಬಣ್ಣಗಳೂ ಚೆನ್ನಾಗಿ ಕಾಣುತ್ತವೆ. ಬೂದಿ ಹಕ್ಕಿಯ ಕಣ್ಣೂ ಹಾಗೇ. ಮೈ ಬಿಳಿಯಾದರೆ ದೃಷ್ಟಿ ಮಂದ ಎಂಬುದು ಆಲ್ಬಿನೊಗೆ ಮಾತ್ರ.

ದೂರದ ವಿಷಯದಲ್ಲಿ ಬಿಳಿ ಹಕ್ಕಿ ಮೋಸ ಮಾಡುತ್ತದೆ. ಹಸಿರಿನ ನಡುವೆ ತಿಳಿ ಬಣ್ಣದ್ದು ಇರುವುದಕ್ಕಿಂತ ಹತ್ತಿರ, ದೊಡ್ಡದು ಅನಿಸುತ್ತದೆ. ಕೂತ ತಕ್ಷಣವೇ ರೇಂಜ್‌ಫೈಂಡರ್‌ನಲ್ಲಿ ಸುತ್ತಲಿನ ಮರಗಳ ದೂರ ಅಳೆದು 40 ಗಜದ ಗಡಿ ಮನಸ್ಸಿನಲ್ಲಿ ಹಾಕಿಕೊಳ್ಳಿ. ಅದರಾಚೆ ಏನೇ ಬಂದರೂ, ಎಂಥ ಬಣ್ಣವೇ ಬಂದರೂ, ಹೊಡೆಯುವುದಿಲ್ಲ ಎಂದು ಮೊದಲೇ ನಿರ್ಧಾರ. ನಿಮ್ಮ ಕೋವಿ, ನಿಮ್ಮ ತೋಟಾ 20, 30, 40 ಗಜದಲ್ಲಿ ಹೇಗೆ ಹರಡುತ್ತದೆ ಎಂದು ಸೀಸನ್‌ಗೆ ಮುಂಚೆಯೇ ಕಾಗದದ ಮೇಲೆ ಹೊಡೆದು ನೋಡಿರಬೇಕು. ಗುರಿ ತಲೆ ಮತ್ತು ಕತ್ತು ಸೇರುವ ಜಾಗ. ಬಾಲ ಬಿಚ್ಚಿ ಮೆರೆಯುತ್ತಿರುವಾಗ ಕತ್ತು ಮಡಚಿರುತ್ತದೆ, ಒಂದು ಕ್ಲಕ್ ಮಾಡಿ ಕತ್ತು ಮೇಲೆತ್ತಿಸಿ. ಹಿಂದೆ ಬೇರೆ ಹಕ್ಕಿ ಇದೆಯಾ ನೋಡಿ. ಬೂದಿ ಹಕ್ಕಿಯ ಸುತ್ತ ಇರುವ ಮಾಮೂಲಿ ಹಕ್ಕಿಗಳು ಕಣ್ಣಿಗೇ ಬೀಳುವುದಿಲ್ಲ, ನೋಟವೆಲ್ಲ ಬಿಳಿಯ ಮೇಲೇ ಇರುತ್ತದೆ. ಹುಡುಕಿ ನೋಡಿ.

ಹೊಡೆದ ಮೇಲೆ

ಕೋವಿಯ ಸೇಫ್ಟಿ ಹಾಕಿ, ಬೇಗ ಹೋಗಿ ಹಕ್ಕಿಯ ಕಾಲುಗಳನ್ನು ಹಿಡಿದುಕೊಳ್ಳಿ, ಮುಳ್ಳು ಚುಚ್ಚದಂತೆ ಹುಷಾರಾಗಿ. ಒದ್ದಾಡಿದರೆ ಗರಿ ಮುರಿಯುತ್ತದೆ, ಬಿಳಿ ಗರಿಗೆ ಮಣ್ಣು ರಕ್ತ ಎರಡೂ ಹತ್ತುತ್ತದೆ. ಮೊದಲು ಪರ್ಮಿಟ್‌ಗೆ ಗುರುತು ಹಾಕಿ ಹಕ್ಕಿಗೆ ಕಟ್ಟಿ, ಅದೇ ದಿನ ರಾತ್ರಿ 10 ಗಂಟೆಯೊಳಗೆ ಫೋನಿನಲ್ಲಿ ಇಲಾಖೆಗೆ ವರದಿ ಮಾಡಿ. ಮಿಸೌರಿಯಲ್ಲಿ ಅದನ್ನು ಟೆಲಿಚೆಕ್ ಎನ್ನುತ್ತಾರೆ.

ಬಿಳಿ ಅಥವಾ ಬೂದಿ ಹಕ್ಕಿಯ ಬಾಲ, ರೆಕ್ಕೆ ಇಟ್ಟುಕೊಳ್ಳುವ ಆಸೆ ಇದ್ದರೆ ಮೊದಲ ಹದಿನೈದು ನಿಮಿಷ ಮುಖ್ಯ. ಬಾಯಿಗೆ, ಗುಂಡು ಹೊಕ್ಕ ಜಾಗಗಳಿಗೆ ಹತ್ತಿ ತುರುಕಿ. ರಕ್ತ ತಾಗಿದ ಗರಿಯನ್ನು ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ, ಬುಡದಿಂದ ತುದಿಯ ಕಡೆಗೆ ಒರೆಸಿ. ಬಿಸಿನೀರು ಮುಟ್ಟಿಸಬೇಡಿ, ಕಲೆ ಕೂತುಬಿಡುತ್ತದೆ. ಮೈ ಆರಿದ ಮೇಲೆ ಗರಿಗಳನ್ನು ಸರಿಯಾಗಿ ಮಲಗಿಸಿ, ತಲೆಯನ್ನು ರೆಕ್ಕೆಯಡಿ ಇಟ್ಟು, ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಫ್ರೀಜರ್‌ಗೆ. ಇಡೀ ಹಕ್ಕಿಯನ್ನು ತುಂಬಿಸುವುದಾದರೆ ನೀವು ಚಾಕು ಹಾಕಬೇಡಿ, ಟ್ಯಾಕ್ಸಿಡರ್ಮಿಸ್ಟ್ ಹತ್ತಿರ ತಗೊಂಡು ಹೋಗಿ, ತಲೆಯ ಬಣ್ಣ ಬೇಗ ಮಾಸುವುದರಿಂದ ಫೋಟೊಗಳನ್ನೂ ಕೊಡಿ. ಬಾಲ ಮಾತ್ರ ಸಾಕು ಎಂದರೆ ಬುಡದ ಮಾಂಸ, ಕೊಬ್ಬು ಪೂರ್ತಿ ಕೆರೆದು ತೆಗೆದು, ಬೋರಾಕ್ಸ್ ಪುಡಿ ತುಂಬಿ, ಬೀಸಣಿಗೆಯ ಹಾಗೆ ಹರಡಿ ರಟ್ಟಿಗೆ ಪಿನ್ ಹಾಕಿ ಒಣಗಿಸಿ. ಕೊಬ್ಬು ಉಳಿದರೆ ಬಿಳಿ ಗರಿಯ ಬುಡ ಹಳದಿಯಾಗುತ್ತದೆ.

ಮಾಂಸಕ್ಕೆ ಬಣ್ಣದಿಂದ ಏನೂ ವ್ಯತ್ಯಾಸವಿಲ್ಲ. ಎದೆಯ ಮಾಂಸ ಮೆತ್ತಗೆ, ಬೇಗ ಬೇಯುತ್ತದೆ, ಒಣಗುವುದೂ ಬೇಗ. ತೆಳ್ಳಗೆ ಸೀಳಿ ಹುರಿದರೆ ಸಾಕು. ಕಾಲುಗಳನ್ನು ಎಸೆಯುವವರಿದ್ದಾರೆ, ಬಹಳ ನಾರು ಎಂದು. ಎಸೆಯಬೇಡಿ. ದಿನವಿಡೀ ನಡೆದ ಕಾಲು, ನಾಟಿ ಕೋಳಿಗಿಂತ ಗಟ್ಟಿ ಇರುತ್ತದೆ, ಕುಕ್ಕರ್‌ನಲ್ಲಿ ಉಪ್ಪು ಅರಿಶಿನ ಹಾಕಿ ಮಾಂಸ ಮೂಳೆ ಬಿಡುವವರೆಗೆ ಬೇಯಿಸಿ. ಆಮೇಲೆ ಹುರಿದ ಕೊತ್ತಂಬರಿ, ಮೆಣಸು, ಗಸಗಸೆ, ಕಾಯಿ ರುಬ್ಬಿ ಹಾಕಿ ಸಾರು ಮಾಡಿ. ಊಟಕ್ಕೆ ಕೂರುವ ಮುಂಚೆ ಕಾಲಿನ ಮಾಂಸವನ್ನು ಬೆರಳಿನಿಂದ ಒಮ್ಮೆ ಬಿಡಿಸಿ ನೋಡಿ, ಟರ್ಕಿಯ ಕಾಲಿನಲ್ಲಿ ಕಡ್ಡಿಯಂಥ ಗಟ್ಟಿ ನರಗಳಿರುತ್ತವೆ, ಜೊತೆಗೆ ಸಣ್ಣ ಗುಂಡುಗಳೂ ಉಳಿದಿರಬಹುದು. ಮಕ್ಕಳಿಗೆ ಬಡಿಸುವುದಾದರೆ ಎರಡು ಸಲ ನೋಡಿ.